ಕರಗದ ರಾತ್ರಿ ಪೇಟೆಗೆ ಕ್ಯಾಮೆರಾ ತರುವವರಿಗೆ



ಚೈತ್ರ ಪೌರ್ಣಮಿಯ ರಾತ್ರಿ ಬೆಂಗಳೂರಿನ ತಿಗಳರಪೇಟೆಯಲ್ಲಿ, ಧರ್ಮರಾಯಸ್ವಾಮಿ ದೇವಸ್ಥಾನದ ಮುಂದೆ, ಬೆನ್ನಿನ ಬ್ಯಾಗನ್ನು ಎದೆಗೆ ತಿರುಗಿಸಿಕೊಂಡು, ಕೊರಳಿಗೆ ಕ್ಯಾಮೆರಾ ಹಾಕಿಕೊಂಡು, ಕರಗ ಯಾವಾಗ ಹೊರಡುತ್ತದೋ ಎಂದು ಕಾದು ನಿಲ್ಲುವ ನಿಮಗೆ ಈ ಪತ್ರ. ನಿಮ್ಮ ಹೆಸರುಗಳು ನನಗೆ ಗೊತ್ತಿಲ್ಲ, ಮುಖಗಳು ಗೊತ್ತು. ನಗರ್ತಪೇಟೆಯ ಮೂಲೆಯಲ್ಲಿ ಬಾಗಿಲು ಹಾಕಿದ ಅಂಗಡಿಯ ಕಟ್ಟೆ ಹತ್ತಿ ನಿಂತವರು, ಯಾರದೋ ಮನೆಯ ಮಹಡಿಗೆ ಹೋಗಲು ಕೈಮುಗಿದು ಅಪ್ಪಣೆ ಕೇಳುತ್ತಿದ್ದವರು, ಬೆಳಗಿನ ನಾಲ್ಕಕ್ಕೆ ಟೀ ಅಂಗಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಆವರೆಗೆ ತೆಗೆದದ್ದನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದವರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನೂ ನಿಮ್ಮಂತೆಯೇ ಅಲ್ಲಿ ನಿಂತಿದ್ದೇನೆ. ಈಗ ಮಂಡಿ ಹಿಡಿಯುತ್ತದೆ, ಮೆರವಣಿಗೆಯ ಮುಂದೆ ಹಿಂದೆ ಓಡಲು ಆಗುವುದಿಲ್ಲ. ಒಂದು ಕಡೆ ನಿಂತು ಎಷ್ಟು ಕಂಡೀತೋ ಅಷ್ಟನ್ನು ತೆಗೆದುಕೊಂಡು ಮನೆಗೆ ಹೋಗುತ್ತೇನೆ.

ನಾನು ತೆಗೆದದ್ದೆಲ್ಲ ಕಪ್ಪು ಬಿಳುಪು. ಈಚೆಗೆ ನೀವು ತೋರಿಸುವ ಕರಗದ ಚಿತ್ರಗಳಲ್ಲೂ ಹೆಚ್ಚಿನವು ಕಪ್ಪು ಬಿಳುಪೇ. ಅದನ್ನು ನೋಡಿ ಮೊದಮೊದಲು ಹಿಗ್ಗಿದೆ. ನಮ್ಮ ಕಾಲಕ್ಕೇ ಇದು ಮುಗಿಯಿತು ಅಂದುಕೊಂಡಿದ್ದ ಒಂದು ನೋಟ ಮತ್ತೆ ಚಿಗುರಿತಲ್ಲ ಎಂದು. ಆಮೇಲೆ ಆ ಚಿತ್ರಗಳ ಮುಂದೆ ಹೆಚ್ಚು ಹೊತ್ತು ನಿಂತಾಗ ಏನೋ ಚುಚ್ಚಿತು. ಅವುಗಳಲ್ಲಿ ಬಹಳಷ್ಟು ಯಾವ ವರ್ಷದ್ದಾದರೂ ಆಗಬಹುದಿತ್ತು. ಹಾಗೆ ಕಾಣಬೇಕೆಂದೇ ಅವನ್ನು ತೆಗೆದಿದ್ದಿರಿ. ಇದೇ ತಪ್ಪನ್ನು ನಾನು ನಿಮಗಿಂತ ಮೊದಲು, ನಿಮಗಿಂತ ಚೆನ್ನಾಗಿ ಮಾಡಿದ್ದೇನೆ. ಅದರಿಂದ ಏನಾಯಿತು ಎಂಬುದನ್ನು ಹೇಳಬೇಕು ಅನ್ನಿಸಿತು.

ಮೊದಲಿಗೆ ಒಂದು ಮಾತು. ಕರಗವನ್ನು ಕಪ್ಪು ಬಿಳುಪಿನಲ್ಲಿ ತೆಗೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಈ ನಾಡಿನ ಜಾತ್ರೆ, ತೇರು, ಉತ್ಸವಗಳಲ್ಲಿ ಕಪ್ಪು ಬಿಳುಪಿಗೆ ತಾನಾಗಿಯೇ ಒಗ್ಗುವಂಥದ್ದು ಒಂದಿದ್ದರೆ ಅದು ಕರಗವೇ. ಬಹುತೇಕ ತೇರುಗಳನ್ನು ಎಳೆಯುವುದು ಹಗಲಿನಲ್ಲಿ. ಬಣ್ಣದ ಬಾವುಟ, ಬಣ್ಣದ ಛತ್ರಿ, ಬಾಳೆಯ ಹಸಿರು. ಅಲ್ಲಿ ಬಣ್ಣ ತೆಗೆದರೆ ಅರ್ಧ ಹಬ್ಬ ಹೋಯಿತು. ಕರಗದ ಮಾತು ಬೇರೆ. ಅದು ನಡುರಾತ್ರಿ ದಾಟಿದ ಮೇಲೆ ಹೊರಡುತ್ತದೆ. ದ್ರೌಪದಿಯಾಗಿ ಸೀರೆಯುಟ್ಟ ಪೂಜಾರಿ, ಹೆಂಡತಿಯ ತಾಳಿ ಬಳೆಗಳನ್ನು ತೊಟ್ಟು, ಒಂದು ಕೈಯಲ್ಲಿ ಬಾಕು, ಇನ್ನೊಂದು ಕೈಯಲ್ಲಿ ಬೆತ್ತ ಹಿಡಿದು, ತಲೆಯ ಮೇಲಿನ ಕರಗವನ್ನು ಕೈಯಲ್ಲಿ ಮುಟ್ಟದೆ ಗರ್ಭಗುಡಿಯಿಂದ ಹೊರಗೆ ಕಾಲಿಡುತ್ತಾನೆ. ಕರಗ ಕಾಣುವುದಿಲ್ಲ, ಮಲ್ಲಿಗೆ ಕಾಣುತ್ತದೆ. ಒಳಗಿನದೇನು ಎಂಬುದು ಕರಗ ಹೊರುವ ತಿಗಳ ಕುಲದವರಿಗೆ ಬಿಟ್ಟದ್ದು. ನಮಗೆ ಕಾಣುವುದು ಗೋಪುರದ ಹಾಗೆ ಎದ್ದ ಮಲ್ಲಿಗೆಯ ರಾಶಿ, ಅದರ ಸುತ್ತ ಬರಿಮೈಯಲ್ಲಿ ಬಿಳಿ ಪಂಚೆ ಉಟ್ಟು ಕತ್ತಿ ಹಿರಿದ ವೀರಕುಮಾರರು, ಅವರ ಹಿಂದೆ ಕತ್ತಲೆ. 'ಗೋವಿಂದಾ' ಎಂಬ ಕೂಗು ಏಳುತ್ತದೆ. ಮಹಡಿಗಳಿಂದ ಹೆಂಗಸರು ಬೊಗಸೆ ಬೊಗಸೆಯಾಗಿ ಮಲ್ಲಿಗೆ ಎರಚುತ್ತಾರೆ. ಹೂವು, ಅಲಗು, ಬೆವರಿದ ಬೆನ್ನು, ಕರ್ಪೂರದ ಹೊಗೆ: ಬೆಳಕು ಬಿದ್ದದ್ದು ಬೆಳ್ಳಗೆ, ಬೀಳದ್ದು ಕಪ್ಪಗೆ. ಬಣ್ಣಕ್ಕೆ ಅಲ್ಲಿ ಮೊದಲೇ ಕೆಲಸ ಕಡಿಮೆ.

ಈ ಮಲ್ಲಿಗೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಚಿತ್ರಗಳಲ್ಲಿ ಹೆಚ್ಚು ಕೆಡುವುದು ಅದೇ. ಕ್ಯಾಮೆರಾದೊಳಗಿನ ಮೀಟರಿಗೆ ಮಲ್ಲಿಗೆ ಗೊತ್ತಿಲ್ಲ, ರಾತ್ರಿ ಗೊತ್ತಿಲ್ಲ. ಎದುರಿಗೆ ಏನೇ ಇದ್ದರೂ ಅದನ್ನು ನಡುವಿನ ಬೂದು ಬಣ್ಣಕ್ಕೆ ತರಬೇಕೆಂದಷ್ಟೇ ಅದು ಲೆಕ್ಕ ಹಾಕುತ್ತದೆ. ಚೌಕಟ್ಟಿನ ಮುಕ್ಕಾಲು ಭಾಗ ಕತ್ತಲೆ ಇರುವಾಗ ಅದು ಆ ಕತ್ತಲೆಯನ್ನು ಬೂದು ಮಾಡಲು ಹೋಗಿ ಬೆಳಕನ್ನು ಅತಿಯಾಗಿ ಬಿಟ್ಟುಕೊಳ್ಳುತ್ತದೆ. ಕತ್ತಲೆ ಮಾಸಲಾಗುತ್ತದೆ, ಮಲ್ಲಿಗೆ ಸುಣ್ಣದ ಉಂಡೆಯಾಗುತ್ತದೆ. ಒಂದು ಹೂವಿನಿಂದ ಇನ್ನೊಂದನ್ನು ಬೇರೆ ಮಾಡುವ ಗೆರೆಯೇ ಇರುವುದಿಲ್ಲ. ಮೀಟರು ಹೇಳಿದ್ದಕ್ಕಿಂತ ಒಂದು, ಕೆಲವು ಸಲ ಎರಡು ಸ್ಟಾಪು ಕಡಿಮೆ ಕೊಡಿ. ಮಲ್ಲಿಗೆ ಬೆಳ್ಳಗೆ ಕಾಣಬೇಕಾದರೆ ಅದರೊಳಗೆ ಬೂದು ಇರಲೇಬೇಕು. ಮೊಗ್ಗಿನ ತೊಟ್ಟಿನ ಬಳಿಯ ಸಣ್ಣ ನೆರಳು ಉಳಿದಿದ್ದರೆ ಹೂ ಕಟ್ಟಿದ ಬೆರಳೂ ನೆನಪಾಗುತ್ತದೆ, ಅದು ಹೋದರೆ ಬರೀ ಬಿಳುಪು.

ಇನ್ನೊಂದು, ಅರಿಶಿನ. ಕಪ್ಪು ಬಿಳುಪಿನಲ್ಲಿ ಹಳದಿ ತಿಳಿಯಾಗಿ, ಹೆಚ್ಚೂಕಡಿಮೆ ಬಿಳಿಯಾಗಿ ಬೀಳುತ್ತದೆ. ಅರಿಶಿನ ಬಣ್ಣದ ಸೀರೆಗೂ ಅದರ ಮೇಲೆ ಇಳಿದ ಮಲ್ಲಿಗೆ ಮಾಲೆಗೂ ಇರುವ ಅಂತರ ಕಣ್ಣಿಗೆ ಎದ್ದು ಕಂಡರೂ ಚಿತ್ರದಲ್ಲಿ ಮಾಯವಾಗುತ್ತದೆ. ಕುಂಕುಮ ಕಪ್ಪಗಾಗುತ್ತದೆ, ಅದೇ ಹಳೆಯ ಬಲ್ಬಿನ ಬೆಳಕಿನಲ್ಲಾದರೆ ತಿಳಿಯಾಗಿ ಚರ್ಮಕ್ಕೆ ಬೆರೆತುಹೋಗುತ್ತದೆ. ದ್ರೌಪದಿಯನ್ನು ತೆಗೆಯಹೊರಟವರು ಅವಳ ಅರಿಶಿನ ಕುಂಕುಮವನ್ನೇ ಕಳೆಯುತ್ತೇವೆ ಎಂಬುದನ್ನು ಮರೆಯಬಾರದು. ನಾವು ಕಳೆದದ್ದಕ್ಕೆ ಬದಲಾಗಿ ಏನನ್ನಾದರೂ ಕೊಡಬೇಕು. ನಾನು ಕೊಡಲು ನೋಡಿದ್ದು ಮುಖ. ಬಣ್ಣ ಇದ್ದಾಗ ಕಣ್ಣು ಸೀರೆಗೆ, ಹೂವಿಗೆ, ದೀಪಕ್ಕೆ ಹೋಗುತ್ತದೆ. ಬಣ್ಣ ತೆಗೆದರೆ ಮುಖಕ್ಕೆ ಬರುತ್ತದೆ. ದಿನಗಟ್ಟಲೆ ವ್ರತ ಹಿಡಿದು, ರಾತ್ರಿಯಿಡೀ ನಿಂತ ಒಬ್ಬ ವೀರಕುಮಾರನ ಕಣ್ಣಿನ ಕೆಳಗಿನ ದಣಿವು ಬಣ್ಣದ ಚಿತ್ರದಲ್ಲಿ ಅಷ್ಟು ಕಾಣುವುದಿಲ್ಲ.

ಈ ಪೇಟೆಯ ಬೆಳಕಿಗೂ ಒಂದು ಕಥೆ ಇದೆ. 1905ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದು ಬೆಂಗಳೂರಿನ ಬೀದಿದೀಪ ಮೊದಲು ಹೊತ್ತಿದ್ದು ಮಾರುಕಟ್ಟೆಯ ಈ ಸುತ್ತಿನಲ್ಲೇ. ಅದಕ್ಕೂ ಮೊದಲು ಕರಗ ಪಂಜಿನ ಬೆಳಕಿನಲ್ಲಿ ನಡೆಯುತ್ತಿತ್ತು. ನಾನು ಶುರು ಮಾಡಿದಾಗ ಸಾಲು ಬಲ್ಬಿನ ತೋರಣ ಮತ್ತು ಟ್ಯೂಬ್‌ಲೈಟು. ಆಮೇಲೆ ಸೋಡಿಯಂ ದೀಪ ಬಂತು, ಇಡೀ ಬೀದಿಯೇ ಒಂದೇ ಹಳದಿ. ಆ ವರ್ಷಗಳಲ್ಲಿ ಬಣ್ಣದ ಫಿಲಂ ಹಾಕಿದವರಿಗೂ ಬಣ್ಣ ಸಿಗುತ್ತಿರಲಿಲ್ಲ, ಎಲ್ಲವೂ ಕಿತ್ತಳೆ ಸಾರಿನಲ್ಲಿ ಅದ್ದಿ ತೆಗೆದಂತೆ. ಈಗ ಎಲ್‌ಇಡಿ. ಬೆಳಕು ಬೆಳ್ಳಗೆ, ಚೂಪಾಗಿ, ಮೇಲಿನಿಂದ ಬೀಳುತ್ತದೆ, ಕಣ್ಣಿನ ಗುಳಿ ಕಪ್ಪಾಗುತ್ತದೆ. ನಿಮಗೆ ನಮಗಿಂತ ಕಷ್ಟದ ಬೆಳಕು. ಅಂಗಡಿಯ ಬೋರ್ಡು, ಕರ್ಪೂರದ ತಟ್ಟೆ, ಯಾರದೋ ಬಾಗಿಲಿನಿಂದ ಹೊರಗೆ ಚೆಲ್ಲಿದ ಬೆಳಕು, ಅವುಗಳ ಪಕ್ಕ ನಿಲ್ಲಿ. ಪಕ್ಕದಿಂದ ಬರುವ ಬೆಳಕೇ ಮುಖವನ್ನು ಎತ್ತಿಕೊಡುವುದು.

ಫ್ಲಾಶ್ ಮಾತ್ರ ಬೇಡ. ಇದನ್ನು ನನಗೆ ಕಲಿಸಿದವರು ಒಬ್ಬ ಹಿರಿಯರು, 1989ರ ಕರಗದಲ್ಲಿ. ಅದು ನನ್ನ ಮೊದಲ ವರ್ಷ. ಎರವಲು ತಂದ ಫ್ಲಾಶನ್ನು ಕ್ಯಾಮೆರಾದ ತಲೆಗೆ ಸಿಕ್ಕಿಸಿಕೊಂಡು ವೀರಕುಮಾರರ ಸಾಲಿನ ಎದುರಿಗೇ ಹೋಗಿ ಮೂರು ಸಲ ಮಿಂಚಿಸಿದೆ. ನಾಲ್ಕನೆಯದಕ್ಕೆ ಒಂದು ಅಂಗೈ ಬಂದು ಲೆನ್ಸಿನ ಮೇಲೆ ಕೂತಿತು. ಅರಿಶಿನ ಮೆತ್ತಿದ, ದಪ್ಪ ಬೆರಳಿನ ಕೈ. "ಲೈಟ್ ಹೊಡೀಬೇಡಪ್ಪಾ, ಹುಡುಗರ ಕೈಯಲ್ಲಿ ಕತ್ತಿ ಐತೆ, ಕಣ್ಣು ಕತ್ಲೆ ಬರ್ತದೆ" ಎಂದರು. ಸಿಟ್ಟು ಇರಲಿಲ್ಲ, ಮನೆಯ ಮಗುವಿಗೆ ಹೇಳಿದ ಹಾಗಿತ್ತು. ಇಕ್ಕಟ್ಟಿನ ಗಲ್ಲಿಯಲ್ಲಿ ಹಿರಿದ ಕತ್ತಿಗಳ ನಡುವೆ ಓಡುವ ಗಂಡಸರು, ತಲೆಯ ಮೇಲೆ ಕೈ ತಾಗಿಸದೆ ಕರಗ ಹೊತ್ತವರು. ಅವರ ಕಣ್ಣಿಗೆ ನಾನು ಬೆಂಕಿ ಹೊಡೆಯುತ್ತಿದ್ದೆ. ಅಂದಿನಿಂದ ಇಂದಿನವರೆಗೆ ಕರಗದಲ್ಲಿ ಫ್ಲಾಶ್ ಮುಟ್ಟಿಲ್ಲ. ಲೆನ್ಸಿನ ಮೇಲೆ ಅರಿಶಿನದ ಗುರುತು ಎರಡು ದಿನ ಇತ್ತು. ಒರೆಸಲು ಮನಸ್ಸು ಬರಲಿಲ್ಲ.

ಫ್ಲಾಶ್ ಇಲ್ಲದೆ ಆ ಕಾಲದಲ್ಲಿ ರಾತ್ರಿ ಫೋಟೋ ತೆಗೆಯುವುದು ಎಂದರೆ ಫಿಲಂಗೆ ಶಕ್ತಿ ಮೀರಿ ಕೆಲಸ ಹೇರುವುದು. 400ರ ಫಿಲಮನ್ನು 1600 ಎಂದು ಲೆಕ್ಕ ಹಿಡಿದು, ಸೆಕೆಂಡಿನ ಮೂವತ್ತನೆಯ ಒಂದು ಭಾಗಕ್ಕೆ ಶಟರ್ ಇಟ್ಟು, ಮೈಯನ್ನು ಗೋಡೆಗೆ ಒತ್ತಿ, ಉಸಿರು ಬಿಗಿಹಿಡಿದು ಒತ್ತುವುದು. ಮನೆಯ ಬಚ್ಚಲಲ್ಲಿ ರೀಲು ತೊಳೆಯುವಾಗ ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಬಿಡುವುದು. ಮೂವತ್ತಾರು ಚೌಕದಲ್ಲಿ ನಾಲ್ಕು ಬಂದರೆ ಹಬ್ಬ. ಕಾಳು ಕಾಳಾಗಿ ಬರುತ್ತಿತ್ತು ಚಿತ್ರ. ನೀವು ಈಗ ಕಂಪ್ಯೂಟರಿನಲ್ಲಿ ಆ ಕಾಳನ್ನು ಬೇಕೆಂದು ಉದುರಿಸುತ್ತೀರಿ. ನಾವು ಅದು ಕಡಿಮೆಯಾಗಲಿ ಎಂದು ಹರಕೆ ಹೊರುತ್ತಿದ್ದೆವು.

ಕೈಯಲ್ಲಿ ದುಡ್ಡಿಲ್ಲದಾಗ ನಾವು ಹಾಕುತ್ತಿದ್ದ ಫಿಲಮಿನ ಹೆಸರು 'ಇಂದು'. ಊಟಿಯಲ್ಲಿದ್ದ ಹಿಂದೂಸ್ತಾನ್ ಫೋಟೋ ಫಿಲಮ್ಸ್ ಅದನ್ನು ಮಾಡುತ್ತಿತ್ತು. 1960ರಲ್ಲಿ ಹುಟ್ಟಿದ ಸರ್ಕಾರಿ ಕಾರ್ಖಾನೆ, ಈಗ ಮುಚ್ಚಿದೆ. ಆಸ್ಪತ್ರೆಗಳ ಎಕ್ಸ್‌ರೇ ಫಿಲಮೂ ಅಲ್ಲಿಂದ ಬರುತ್ತಿತ್ತು. ಇಂದು ಎಂದರೆ ಸಂಸ್ಕೃತದಲ್ಲಿ ಚಂದ್ರ. ಪೌರ್ಣಮಿಯ ರಾತ್ರಿಗೆ ಹೇಳಿ ಮಾಡಿಸಿದ ಹೆಸರು ಎಂದು ನಾವು ಸಂತೋಷಪಡುತ್ತಿದ್ದೆವು. ಕನ್ನಡದಲ್ಲಿ ಅದೇ ಅಕ್ಷರಗಳಿಗೆ ಇವತ್ತು ಎಂಬ ಅರ್ಥವೂ ಇದೆ ಎಂಬುದು ದಿನಾ ಕನ್ನಡ ಮಾತಾಡುವ ನನಗೆ ಬಹಳ ವರ್ಷ ಹೊಳೆಯಲಿಲ್ಲ. ಹೊಳೆದದ್ದು ಹೇಗೆ ಎಂಬುದನ್ನು ಈಗ ಹೇಳುತ್ತೇನೆ.

1998ರ ಕರಗ. ಅಷ್ಟು ಹೊತ್ತಿಗೆ ಬಣ್ಣದ ಲ್ಯಾಬುಗಳು ಬೀದಿ ಬೀದಿಯಲ್ಲಿ ಬಂದಿದ್ದವು, ಬಣ್ಣವೇ ಅಗ್ಗ. ಕಪ್ಪು ಬಿಳುಪನ್ನು ನಾನು ಬೇಕೆಂದೇ ಹಾಕುತ್ತಿದ್ದೆ, ಕಲೆ ಎಂದು. ಕಬ್ಬನ್‌ಪೇಟೆಯ ಕಡೆಯ ಒಂದು ಓಣಿಯಲ್ಲಿ ಒಬ್ಬ ವೀರಕುಮಾರ ಗೋಡೆಗೆ ಒರಗಿ ದಣಿವಾರಿಸಿಕೊಳ್ಳುತ್ತಿದ್ದರು. ಕತ್ತಿಯ ಮೊನೆಯನ್ನು ನೆಲಕ್ಕೆ ಊರಿದ್ದರು, ಕಣ್ಣು ಅರ್ಧ ಮುಚ್ಚಿತ್ತು. ಪಕ್ಕದ ಟ್ಯೂಬ್‌ಲೈಟಿನ ಬೆಳಕು ಎದೆಯ ಬೆವರಿನ ಮೇಲೆ ಇಳಿದಿತ್ತು. ಒಂದೇ ಚೌಕ ತೆಗೆದೆ. ಆ ಚಿತ್ರ ನನಗೆ ಹೆಸರು ತಂದಿತು. ಸ್ಪರ್ಧೆಗಳಿಗೆ ಹೋಯಿತು, ದೊಡ್ಡದಾಗಿ ಮುದ್ರಣವಾಗಿ ಗೋಡೆಗಳ ಮೇಲೆ ತೂಗಿತು. ನೋಡಿದವರೆಲ್ಲ ಒಂದೇ ಮಾತು ಹೇಳಿದರು, ನೂರು ವರ್ಷದ ಹಿಂದಿನ ಚಿತ್ರದ ಹಾಗಿದೆ ಎಂದು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಎಷ್ಟೋ ವರ್ಷ ಕಳೆದ ಮೇಲೆ ಆ ಚಿತ್ರದ ಒಂದು ಪ್ರತಿ ಆ ಓಣಿಗೆ ತಲುಪಿತು. ಸುದ್ದಿ ನನಗೂ ಬಂತು. ಹೋದೆ. ಅಲ್ಲಿಯ ಒಬ್ಬ ಅಮ್ಮ ಚಿತ್ರವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಅದರಲ್ಲಿದ್ದವರು ಅವರ ಯಜಮಾನರು, ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ನನ್ನನ್ನು ಕೂರಿಸಿ, ನೀರು ಕೊಟ್ಟು, ಆಮೇಲೆ ಕೇಳಿದರು, "ಯಾವ ವರ್ಷದ್ದಪ್ಪಾ ಇದು?"

ನನಗೆ ಗೊತ್ತಿರಲಿಲ್ಲ. ನೆಗೆಟಿವ್ ಇಟ್ಟ ಕವರಿನ ಮೇಲೆ 'ಕರಗ' ಎಂದಷ್ಟೇ ಬರೆದಿದ್ದೆ. ಅವರು ಚಿತ್ರದ ಗೋಡೆಯನ್ನು ಬೆರಳಿನಿಂದ ಸವರಿದರು. "ದೊಡ್ಡ ಮಗಳ ಮದುವೆ ವರ್ಷ ಈ ಗೋಡೆಗೆ ಹಸಿರು ಹೊಡ್ಸಿದ್ವಿ, ಅದಕ್ಕೆ ಮೊದ್ಲು ನೀಲಿ. ಬಣ್ಣ ಇದ್ದಿದ್ರೆ ಗೊತ್ತಾಗೋದು" ಎಂದರು. ಗೋಡೆ ಬೂದು. ನೀಲಿಯೂ ಬೂದು, ಹಸಿರೂ ಬೂದು. ಅವರಿಗೆ ಬೇಕಿದ್ದದ್ದು ಕಾಯಿಲೆ ಬೀಳುವುದಕ್ಕೆ ಮೊದಲಿನ ಕರಗವೋ, ಆಮೇಲಿನದೋ ಎಂಬುದು. ಕಾಯಿಲೆ ಬಂದ ಮೇಲೂ ಒಂದು ವರ್ಷ ಹಟ ಹಿಡಿದು ಕತ್ತಿ ಹಿಡಿದಿದ್ದರಂತೆ. ಈ ಮುಖದ ದಣಿವು ಯಾವ ದಣಿವು ಎಂದು ತಿಳಿಯಬೇಕಿತ್ತು ಅವರಿಗೆ.

ಮನೆಗೆ ಬಂದು ನೆಗೆಟಿವ್ ಹುಡುಕಿದೆ. ದೀಪದ ಮೇಲೆ ಇಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಗೋಡೆಯ ಮೇಲೆ ತೂಗಿದ ಚಿತ್ರಕ್ಕಿಂತ ನೆಗೆಟಿವ್ ಅಗಲವಿತ್ತು. ಎಡಗಡೆ ಮೂರನೇ ಒಂದು ಭಾಗವನ್ನು ನಾನು ಪ್ರಿಂಟ್ ಮಾಡುವಾಗ ಕತ್ತರಿಸಿದ್ದೆ. ಅಲ್ಲಿ ಒಂದು ಎಸ್‌ಟಿಡಿ ಬೂತು ಇತ್ತು. ಆ ಬೋರ್ಡು ಚಿತ್ರದ ಹಳೆತನ ಕೆಡಿಸುತ್ತದೆ ಎಂದು ತೆಗೆದುಹಾಕಿದ್ದೆ. ಟ್ಯೂಬ್‌ಲೈಟು ಆ ಬೂತಿನದ್ದು. ಅದರ ಕೆಳಗೆ ಕಬ್ಬಿಣದ ಬಾಗಿಲ ಕಂಬಿ ಹಿಡಿದು ಒಬ್ಬ ಹುಡುಗ ನಿಂತಿದ್ದ. ತಲೆಗೆ ದೊಡ್ಡವರಂತೆ ಪೇಟ, ಕೈಯಲ್ಲಿ ಪುಟ್ಟ ಕತ್ತಿ, ಬಾಯಿ ತುಂಬ ನಗು. ಮುಂದಿನ ಎರಡು ಹಲ್ಲು ಇರಲಿಲ್ಲ.

ಪೂರ್ತಿ ಚೌಕವನ್ನು ಪ್ರಿಂಟ್ ಮಾಡಿಸಿ ತೆಗೆದುಕೊಂಡು ಹೋದೆ. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ತಿರುಗಿ ಮಗನನ್ನು ಕೂಗಿದರು. ಬಂದವನು ನನಗಿಂತ ಎತ್ತರದ ಆಳು. ಅವನು ಚಿತ್ರ ನೋಡಿ, ನಾಲಿಗೆಯಿಂದ ತನ್ನ ಮುಂದಿನ ಹಲ್ಲುಗಳನ್ನು ಮುಟ್ಟಿ ನೋಡಿಕೊಂಡ. ಆ ಹಲ್ಲು ಬಿದ್ದದ್ದು ಒಂದನೇ ಕ್ಲಾಸಿಗೆ ಸೇರುವ ಮೊದಲಿನ ರಜೆಯಲ್ಲಿ. ವರ್ಷ ಸಿಕ್ಕಿತು. ಕಾಯಿಲೆ ಬರುವ ಮೊದಲಿನದು. ಅಪ್ಪನೂ ಮಗನೂ ಒಟ್ಟಿಗೆ ವೀರಕುಮಾರರಾಗಿ ನಿಂತದ್ದು ಅದೊಂದೇ ಚಿತ್ರದಲ್ಲಿ. ಅಷ್ಟು ವರ್ಷ ನಾನು ಮಗನನ್ನು ಕತ್ತರಿಸಿಟ್ಟು ಅಪ್ಪನನ್ನು ಊರಿಗೆಲ್ಲ ತೋರಿಸುತ್ತಿದ್ದೆ.

ಅಂದು ರಾತ್ರಿ ಮನೆಯಲ್ಲಿ ಆ ನೆಗೆಟಿವಿನ ಅಂಚಿನಲ್ಲಿದ್ದ ಫಿಲಮಿನ ಹೆಸರನ್ನು ಮತ್ತೆ ಓದಿದೆ.

ಗೆಳೆಯರೇ, ನಮಗಿಂತ ಹಿಂದಿನವರು ಕಪ್ಪು ಬಿಳುಪಿನಲ್ಲಿ ತೆಗೆದರು, ನಿಜ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೀವು ನೋಡಿರುತ್ತೀರಿ. 1923ರಲ್ಲಿ ಹುಟ್ಟಿ 2009ರವರೆಗೆ ಬಾಳಿದ ಅವರು ಸಾಮಾನ್ಯ ಜನರ ಮುಖಗಳನ್ನು ಹಾಗೆ ಹಿಡಿದವರು. ಅವರ ಕಾಲಕ್ಕೆ ಪತ್ರಿಕೆಗಳು ಅಚ್ಚಾಗುತ್ತಿದ್ದದ್ದೇ ಕಪ್ಪು ಬಿಳುಪಿನಲ್ಲಿ. ಹಳೆಯದು ಕಾಣಲಿ ಎಂದು ಅವರು ಅದನ್ನು ಆರಿಸಿಕೊಳ್ಳಲಿಲ್ಲ, ಅದು ಅವರ ಇವತ್ತು. ಅಂಥವರ ಚಿತ್ರಗಳಲ್ಲಿ ಸೈಕಲ್ಲು ಇರುತ್ತದೆ, ಗೋಡೆಯ ಜಾಹೀರಾತು ಇರುತ್ತದೆ, ಆ ವರ್ಷದ ಕ್ರಾಪು ಇರುತ್ತದೆ. ಇವತ್ತು ಅವು ನಮಗೆ ಇಷ್ಟವಾಗುವುದು ಅದರಿಂದಲೇ. ನಾವಾದರೋ ಅವರ ಬಣ್ಣವನ್ನು ತೆಗೆದುಕೊಂಡೆವು, ಅವರ ಸೈಕಲ್ಲನ್ನು ಬಿಟ್ಟೆವು.

ನಿಮ್ಮ ಚಿತ್ರಗಳಲ್ಲಿ ವೀರಕುಮಾರನ ಸೊಂಟದಲ್ಲಿ ಸಿಕ್ಕಿಸಿದ ಮೊಬೈಲು ಎಲ್ಲಿ ಹೋಗುತ್ತದೆ? ಅವನ ಮಣಿಕಟ್ಟಿನ ಗಡಿಯಾರ? ಎಟಿಎಂ ಬೋರ್ಡಿನ ಕೆಳಗೆ ಕರ್ಪೂರ ಹಚ್ಚಿ ನಿಂತ ಕುಟುಂಬ? ಅಂಗಡಿ ಕಟ್ಟೆಯ ಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿದ್ದೆಗಣ್ಣಲ್ಲಿ ಕಾಯುವ ಹೆಂಗಸಿನ ಕೊರಳಲ್ಲಿ ತೂಗುವ ಕಚೇರಿಯ ಗುರುತಿನ ಚೀಟಿ? ಬರಿಮೈ, ಕತ್ತಿ, ಹೊಗೆ, ಇಷ್ಟನ್ನೇ ಉಳಿಸಿ ಮಿಕ್ಕದ್ದನ್ನು ಕತ್ತಲೆಗೆ ದೂಡಿದರೆ ನೋಡುವವರಿಗೆ ಇವರು ಯಾವುದೋ ಕಾಲದಲ್ಲಿ ಸಿಕ್ಕಿಬಿದ್ದ ಜನ ಎನ್ನಿಸುತ್ತದೆ. ಆ ಕತ್ತಿ ಹಿಡಿದವರು ಮಾರನೆಯ ವಾರ ಬಸ್ಸು ಓಡಿಸುತ್ತಾರೆ, ಬ್ಯಾಂಕಿನಲ್ಲಿ ಕೂರುತ್ತಾರೆ, ಹೂವಿನ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಇವತ್ತಿನ ಬದುಕಿನ ನಡುವೆ ದಿನಗಳನ್ನು ಹೊಂಚಿ, ರಜೆ ಹಾಕಿ, ವ್ರತ ಹಿಡಿದು ನಿಲ್ಲುತ್ತಾರಲ್ಲ, ಅದರಲ್ಲೇ ಇದೆ ಕರಗದ ಬಲ. ಅದನ್ನು ಅಳಿಸಿದರೆ ಅವರ ಶ್ರಮವನ್ನೇ ಅಳಿಸಿದಂತೆ.

ಇವತ್ತು ಕಾಣಬೇಕು ಎಂದಾಗ ಇನ್ನೊಂದು ಜಾಗ ನೆನಪಾಗುತ್ತದೆ. ಪೌರ್ಣಮಿಯ ರಾತ್ರಿಯ ಈ ಹೂವಿನ ಕರಗಕ್ಕೆ ಎರಡು ದಿನ ಮೊದಲು ಹಸಿ ಕರಗ. ಅದು ಬರುವುದು ಸಂಪಂಗಿ ಕೆರೆಯ ಕಡೆಯಿಂದ. ಕೆರೆ ಎಲ್ಲಿದೆ ಎಂದು ಕೇಳಬೇಡಿ. ತೋಟಗಾರಿಕೆಯನ್ನೇ ಕುಲಕಸುಬು ಮಾಡಿಕೊಂಡಿದ್ದ ತಿಗಳರ ತೋಟಗಳಿಗೆ ನೀರುಣಿಸಿದ ಆ ಕೆರೆಯ ಅಂಗಳದಲ್ಲಿ ಈಗ ಕಂಠೀರವ ಕ್ರೀಡಾಂಗಣ ಇದೆ. 1997ರ ರಾಷ್ಟ್ರೀಯ ಕ್ರೀಡಾಕೂಟ ಅಲ್ಲೇ ನಡೆಯಿತು. ಕರಗಕ್ಕೆಂದು ಒಂದು ಪುಟ್ಟ ಕುಂಟೆಯಷ್ಟು ನೀರು ಉಳಿದಿದೆ. ಊರೆಲ್ಲ ಮರೆತ ಕೆರೆಯನ್ನು ವರ್ಷಕ್ಕೊಮ್ಮೆ ಹೋಗಿ ಮಾತಾಡಿಸಿ ಬರುವುದು ಈ ಒಂದು ಹಬ್ಬ. ಅಲ್ಲಿಯ ವಿಧಿಗಳಲ್ಲಿ ಹೊರಗಿನವರು ನೋಡಬಾರದ್ದು ಇದೆ. ಅದನ್ನು ತೆಗೆಯಬೇಡಿ, ಕದ್ದು ತೆಗೆಯಲೇಬೇಡಿ. ಆದರೆ ಕ್ರೀಡಾಂಗಣದ ಎತ್ತರದ ದೀಪಕಂಬಗಳು, ಅವುಗಳ ಬುಡದಲ್ಲಿ ಒಂದು ಹಿಡಿ ನೀರು, ದಾರಿಯಲ್ಲಿ ಕಾದು ನಿಂತ ಜನ, ಇವನ್ನು ತೆಗೆಯಿರಿ. ಕಪ್ಪು ಬಿಳುಪಿನಲ್ಲೇ ತೆಗೆಯಿರಿ. ನೀರು ಮತ್ತು ಕಾಂಕ್ರೀಟು ಅಷ್ಟು ಸ್ಪಷ್ಟವಾಗಿ ಬೇರೆಯಾಗುವುದು ಅದರಲ್ಲೇ. ಈ ಭಾಗವನ್ನು ನಾನು ಮಾಡಲಿಲ್ಲ. ಹೂವಿನ ಕರಗದ ಮೋಹದಲ್ಲಿ ಮೂವತ್ತು ವರ್ಷ ಅದನ್ನು ಕಡೆಗಣಿಸಿದೆ.

ಹಾಗೆಯೇ ಕಾಟನ್‌ಪೇಟೆಯ ಮಸ್ತಾನ್ ಸಾಬರ ದರ್ಗಾ. ಕರಗ ಅಲ್ಲಿಗೆ ಹೋಗುತ್ತದೆ, ನಿಲ್ಲುತ್ತದೆ, ಮುಂದೆ ಸಾಗುತ್ತದೆ. ಎಲ್ಲರೂ ದರ್ಗಾದ ಬಾಗಿಲು ಮತ್ತು ಮಲ್ಲಿಗೆಯ ಗೋಪುರ ಒಂದೇ ಚೌಕದಲ್ಲಿ ಬರಲಿ ಎಂದು ನುಗ್ಗುತ್ತಾರೆ. ನಾನು ಅಲ್ಲಿ ಹೆಚ್ಚು ನೋಡಿದ್ದು ಕಾಯುವವರನ್ನು. ಕರಗ ಇನ್ನೂ ಎಷ್ಟೋ ಗಲ್ಲಿ ದೂರ ಇರುವಾಗಲೇ ಟೋಪಿ ಸರಿಮಾಡಿಕೊಳ್ಳುತ್ತ, ನಿದ್ದೆ ಹೋದ ಮಕ್ಕಳನ್ನು ತಟ್ಟಿ ಎಬ್ಬಿಸುತ್ತ, ದಾರಿಯ ಬೈಕುಗಳನ್ನು ಬದಿಗೆ ಸರಿಸುತ್ತ ಇರುವವರು. ಆ ಗಂಟೆಯಲ್ಲಿ ಕ್ಯಾಮೆರಾಗಳೆಲ್ಲ ಬೇರೆ ಕಡೆ ಇರುತ್ತವೆ. ಅಲ್ಲಿ ಒಬ್ಬರಾದರೂ ಇರಿ.

2020 ಮತ್ತು 2021ರಲ್ಲಿ ಕೊರೊನಾದಿಂದಾಗಿ ಕರಗ ದೇವಸ್ಥಾನದ ಆವರಣದಲ್ಲೇ ನಡೆಯಿತು, ಪೇಟೆ ಸುತ್ತಲಿಲ್ಲ. ಆ ಎರಡು ಪೌರ್ಣಮಿಗಳಂದು ಮನೆಯಲ್ಲಿ ಕೂತು ಹಳೆಯ ನೆಗೆಟಿವ್‌ಗಳ ಪೆಟ್ಟಿಗೆ ತೆರೆದೆ. ಒಂದೊಂದಕ್ಕೂ ವರ್ಷ ಹುಡುಕಿದೆ. ಸಿನಿಮಾ ಪೋಸ್ಟರು, ಪಕ್ಷದ ಚಿಹ್ನೆ, ಸ್ಕೂಟರಿನ ನಂಬರು, ಟೆಲಿಫೋನಿನ ತಂತಿ, ಯಾವ ಅಂಗಡಿ ಯಾವ ವರ್ಷ ಕೈಬದಲಾಯಿತು ಎಂಬ ನೆನಪು. ಚೌಕದ ಅಂಚಿನಲ್ಲಿ ಉಳಿದ ಇಂಥ ಕಸವೇ ನನ್ನನ್ನು ಕಾಪಾಡಿತು. ಅಂದವಾಗಿ, ಅಚ್ಚುಕಟ್ಟಾಗಿ ತೆಗೆದವುಗಳಿಗೆ ಇವತ್ತಿಗೂ ವರ್ಷ ಸಿಕ್ಕಿಲ್ಲ. ಒಟ್ಟು ನೂರಾರು ಮುಖಗಳು. ಅವುಗಳಲ್ಲಿ ಬಹುಪಾಲು ಈಗಲೂ ನನ್ನ ಅಲಮಾರಿನಲ್ಲೇ ಇವೆ, ಯಾರ ಮನೆಯಲ್ಲಿ ಇರಬೇಕಿತ್ತೋ ಅಲ್ಲಿ ಇಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ನೀವು ತೆಗೆದವರ ಕೈಗೆ ಒಂದು ಪ್ರಿಂಟು ಹೋಗಲಿ. ಮೊಬೈಲಿಗೆ ಕಳಿಸಿದ್ದು ಮೊಬೈಲಿನ ಜೊತೆಗೇ ಹೋಗುತ್ತದೆ, ಕಾಗದ ದೇವರ ಗೂಡಿನ ಪಕ್ಕ ಉಳಿಯುತ್ತದೆ. ಪೇಟೆಯ ಮನೆ ಹುಡುಕುವುದು ಕಷ್ಟವಲ್ಲ. ಚಿತ್ರ ಹಿಡಿದು ಆ ಓಣಿಯ ಹೂವಿನ ಅಂಗಡಿಯಲ್ಲೋ ಇಸ್ತ್ರಿ ಅಂಗಡಿಯಲ್ಲೋ ತೋರಿಸಿದರೆ ಸಾಕು, ಯಾರ ಮಗ, ಯಾವ ಮನೆ ಎಂದು ಹೇಳಿ ಬಾಗಿಲವರೆಗೆ ಬಿಟ್ಟುಬರುತ್ತಾರೆ. ಅವರು ಆ ಚಿತ್ರ ಊರಿಗೆ ತೋರಿಸುವುದು ಬೇಡ ಎಂದರೆ ಅಲ್ಲಿಗೆ ಬಿಟ್ಟುಬಿಡಿ. ಕಪ್ಪು ಬಿಳುಪನ್ನೇ ಕೊಡಿ, ಜೊತೆಗೆ ಅದೇ ಚೌಕದ ಬಣ್ಣದ್ದೂ ಒಂದು ಕೊಡಿ. ನಿಮ್ಮ ಕ್ಯಾಮೆರಾದಲ್ಲಿ ಅದು ಇದ್ದೇ ಇದೆ, ನೀವು ತಾನೇ ತೆಗೆದುಹಾಕಿದ್ದು. ಗೋಡೆ ನೀಲಿಯೋ ಹಸಿರೋ ಎಂದು ಯಾರೂ ಆಮೇಲೆ ಸವರಿ ನೋಡುವಂತಾಗಬಾರದು.

ಬರುವ ಚೈತ್ರ ಪೌರ್ಣಮಿಯಂದು ಸಂಜೆ ಏಳರಿಂದ ನಾನು ನಗರ್ತಪೇಟೆಯ ಕಡೆ ಒಂದು ಟೀ ಅಂಗಡಿಯ ಬೆಂಚಿನ ಮೇಲೆ ಇರುತ್ತೇನೆ. ಕಾಲ ಬಳಿ ಒಂದು ತಗಡಿನ ಪೆಟ್ಟಿಗೆ ಇರುತ್ತದೆ, ಅದರಲ್ಲಿ ಇನ್ನೂ ಮನೆ ಸೇರದ ಪ್ರಿಂಟುಗಳು. ಕರಗ ಹೊರಡುವುದು ಹೇಗೂ ತಡ. ಕಾಯುವ ಹೊತ್ತಿನಲ್ಲಿ ಒಬ್ಬೊಬ್ಬರು ನಾಲ್ಕೈದು ಚಿತ್ರ ತೆಗೆದುಕೊಂಡು ಓಣಿಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಯಾರು, ಯಾವ ಮನೆ, ಯಾವ ವರ್ಷ ಎಂದು ಗೊತ್ತಾದದ್ದನ್ನು ಹಿಂಬದಿಯಲ್ಲಿ ಬರೆಯೋಣ. ಪೆನ್ನಿನ ಶಾಯಿ ಕಾಗದದ ಮುಂದಕ್ಕೆ ಇಳಿಯುತ್ತದೆ. ಮೆತ್ತನೆಯ ಪೆನ್ಸಿಲ್ ತನ್ನಿ.

ನಿಮ್ಮವ,
ಕರಗದ ಸಾಲಿನಲ್ಲಿ ನಿಂತ ಒಬ್ಬ ಹಳೆಯ ಫೋಟೋಗ್ರಾಫರ್